ಕರ್ಪೂರದ ಸುಂಕ

ಉರಿದ ಮೇಲೆ ಬೂದಿಯನ್ನೂ ಉಳಿಸದ ಪದಾರ್ಥಕ್ಕೆ ಜನ ಹಣ ಕೊಡುತ್ತಾರೆಂಬುದೇ ಒಂದು ಸೋಜಿಗ. ಆ ಹಣದ ಬೆನ್ನು ಹತ್ತಿ ವರ್ತಕರು ಕಡಲು ದಾಟಿದ್ದು ಇನ್ನೂ ದೊಡ್ಡ ಸೋಜಿಗ. ಇಂದು ಆರತಿ ತಟ್ಟೆಯಲ್ಲಿ ಹಚ್ಚುವ ಬಿಲ್ಲೆಗಳು ಬಹುಮಟ್ಟಿಗೆ ಪೈನ್ ಮರದ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾದವು. ಸಾವಿರ ವರ್ಷದ ಹಿಂದಿನ ಕರ್ಪೂರ ಇಷ್ಟು ಸಲೀಸಾಗಿ ಸಿಗುವಂಥದ್ದಾಗಿರಲಿಲ್ಲ. ಉತ್ತಮವೆನಿಸಿದ್ದು ಸುಮಾತ್ರಾ, ಬೋರ್ನಿಯೋ ಕಾಡುಗಳ ಭಾರಿ ಮರಗಳ ಕಾಂಡದೊಳಗಿನ ಬಿರುಕುಗಳಲ್ಲಿ ಹರಳುಗಟ್ಟಿರುತ್ತಿತ್ತು. ಎಲ್ಲ ಮರಗಳಲ್ಲೂ ಅದು ಇರುವುದಿಲ್ಲ. ಕಡಿದು ಸೀಳಿದ ಮೇಲೆಯೇ ಅದೃಷ್ಟ ತಿಳಿಯಬೇಕು. ಹೀಗೆ ದೊರೆತದ್ದನ್ನು ಹೊರಲೋಕಕ್ಕೆ ಕಳಿಸುತ್ತಿದ್ದ ಹೆಸರಾಂತ ರೇವು ಸುಮಾತ್ರಾದ ಪಶ್ಚಿಮ ಕರಾವಳಿಯ ಬಾರೂಸ್.

ಆ ಬಾರೂಸಿನ ಸಮೀಪದ ಲೋಬು ತುವಾದಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಬರುವ ಹಡಗಿನವರು ಇಂತಿಷ್ಟು ಚಿನ್ನ ತೆರಬೇಕೆಂಬ ಕಟ್ಟಳೆ ಅದರಲ್ಲಿದೆ. ಕಟ್ಟಳೆ ಮಾಡಿದವರು ಯಾವ ಅರಸರೂ ಅಲ್ಲ, ಐನೂರ್ವರು. ಮಲಪ್ರಭೆಯ ದಂಡೆಯ ಐಹೊಳೆಯನ್ನು ತಮ್ಮ ಮೂಲಸ್ಥಾನವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಅದೇ ವರ್ತಕ ಸಂಘ! ಅದಕ್ಕೆ ಅರುವತ್ತಮೂರು ವರ್ಷ ಮೊದಲು, 1025ರಲ್ಲಿ, ರಾಜೇಂದ್ರ ಚೋಳನ ನೌಕಾಪಡೆ ಸುಮಾತ್ರಾದಲ್ಲಿ ನೆಲೆಯಿದ್ದ ಶ್ರೀವಿಜಯ ರಾಜ್ಯದ ಬಂದರುಗಳ ಮೇಲೆ ದಾಳಿ ಮಾಡಿತ್ತು. ಅರಸನ ಪಡೆ ಬಂದು ಹೋಯಿತು, ಸೆಟ್ಟಿಗಳು ಅಲ್ಲಿಯೇ ಕುಳಿತು ಲೆಕ್ಕ ಬರೆದರು ಎಂದರೆ ಇತಿಹಾಸಕಾರರು ನಕ್ಕಾರು, ಆದರೆ ನನಗೆ ಚಿತ್ರ ಕಾಣುವುದು ಹಾಗೆಯೇ.

ಈ ಸಂಘದವರು ತಮ್ಮನ್ನು ವೀರಬಣಂಜು ಧರ್ಮದ ಪಾಲಕರೆಂದು ಕರೆದುಕೊಂಡರು. ವ್ಯಾಪಾರಕ್ಕೇ ಧರ್ಮವೆಂಬ ಪಟ್ಟ ಕಟ್ಟಿದ ಧೈರ್ಯ ಅವರದು. ಶಿಕಾರಿಪುರ ತಾಲೂಕಿನ ಶಾಸನವೊಂದು ಅವರ ಸರಕನ್ನು ಬಾಯಿತುಂಬ ಹೊಗಳುತ್ತದೆ: ಆನೆ, ಕುದುರೆ, ಮುತ್ತು, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕಸ್ತೂರಿ, ಕುಂಕುಮಕೇಸರಿ, ಅವುಗಳ ನಡುವೆ ಕರ್ಪೂರ. ಸಗಟಾಗಿಯೋ ಹೆಗಲ ಮೇಲೆ ಹೊತ್ತೋ ಮಾರಿ, ಸುಂಕ ಸೋರಿಹೋಗದಂತೆ ನೋಡಿಕೊಂಡು, ಚಕ್ರವರ್ತಿಯ ಭಂಡಾರವನ್ನೂ ಆಯುಧಶಾಲೆಯನ್ನೂ ತುಂಬಿ, ಮಿಕ್ಕಿದ್ದನ್ನು ಪಂಡಿತರಿಗೂ ಮುನಿಗಳಿಗೂ ದಾನ ಮಾಡುವವರು ಇವರೆಂಬುದು ಅದರ ತಾತ್ಪರ್ಯ. ಹೊಗಳಿಕೆಯ ಅತಿಶಯವನ್ನು ಕಳೆದರೂ ಉಳಿಯುವ ಕ್ರಮ ಗಮನಾರ್ಹ: ಮೊದಲು ಅರಸ, ಆಮೇಲೆ ಮುನಿ.

ಆದರೆ ಸರಕಿನ ಗಿರಾಕಿಯನ್ನು ನೋಡಿದರೆ ಈ ಕ್ರಮ ತಿರುಗಿಬೀಳುತ್ತದೆ. ಕ್ಷಾಮ ಬರಲಿ, ಗಡಿ ಬದಲಾಗಲಿ, ದೇವರ ನಿತ್ಯಪೂಜೆ ನಿಲ್ಲುವಂತಿಲ್ಲ. ಅಭಿಷೇಕಕ್ಕೆ, ಗಂಧಕ್ಕೆ, ದೀಪಕ್ಕೆ ದಿನವೂ ಏನಾದರೂ ಬೇಕು. ಇಷ್ಟು ನಂಬಿಕಸ್ಥ ಗಿರಾಕಿ ಅರಮನೆಯಲ್ಲೂ ಸಿಗಲಾರ, ಅಲ್ಲಿಯ ತಾಂಬೂಲಕ್ಕೆ ಎಷ್ಟೇ ಪಚ್ಚಕರ್ಪೂರ ಬೀಳಲಿ. ಗುಡಿಯಿದ್ದಲ್ಲಿ ಜಾತ್ರೆ, ಜಾತ್ರೆಯಿದ್ದಲ್ಲಿ ಸಂತೆ, ಸಂತೆಗೆ ಬಂದ ಹೇರುಗಳ ಮೇಲೆ ಸುಂಕ. ಆ ಸುಂಕದಲ್ಲೊಂದು ಪಾಲನ್ನು ಅರಸ ಗುಡಿಗೇ ಬಿಟ್ಟುಕೊಡುತ್ತಿದ್ದ, ವರ್ತಕರೂ ಹೇರಿಗಿಷ್ಟು ಎಂದು ತಾವಾಗಿ ಗೊತ್ತುಮಾಡುತ್ತಿದ್ದರು, ಗಾಣಿಗರು ಎಣ್ಣೆ ಕೊಡುತ್ತಿದ್ದರು. ಶಾಸನಗಳಲ್ಲಿ ಇದೆಲ್ಲ ಪುಣ್ಯದ ಭಾಷೆಯಲ್ಲಿಯೇ ಇದೆ. ಅದು ಬರಿಯ ಸೋಗೆಂದು ನನಗನ್ನಿಸುವುದಿಲ್ಲ. ಲಾಭಕ್ಕೂ ಭಕ್ತಿಗೂ ಬೇರೆಬೇರೆ ಕಡತವಿಡುವ ಅಭ್ಯಾಸ ನಮ್ಮದು, ಅವರದಲ್ಲ.

ಬಳ್ಳಿಗಾವಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲ ಒಂದೇ ಊರಿನಲ್ಲಿದ್ದ ಆ ವ್ಯಾಪಾರ ಪಟ್ಟಣದ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ: ವೇದ ವ್ಯಾಕರಣಗಳ ಪಾಠ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ, ಜೈನ, ಬೌದ್ಧ ಸನ್ಯಾಸಿಗಳಿಗೂ ಅಲ್ಲಿ ಊಟವುಂಟು. ಚಾಲುಕ್ಯರ ಸಿಂಹಾಸನವನ್ನು ಕಿತ್ತುಕೊಂಡು ಬಿಜ್ಜಳ ಆಳುತ್ತಿದ್ದ ಕಾಲವದು. ಹಳೆಯ ಅರಸರ ಪೋಷಣೆಯಲ್ಲಿ ಬೆಳೆದ ಮಠಕ್ಕೆ ಹೊಸಬನೂ ದತ್ತಿ ಬಿಟ್ಟ. ಭಕ್ತಿಯೂ ಇದ್ದೀತು, ಬಳ್ಳಿಗಾವಿಯ ಸೆಟ್ಟಿಗಳು ಮುನಿಸಿಕೊಂಡು ಹೇರುಗಳನ್ನು ಬೇರೆ ದಾರಿಗೆ ತಿರುಗಿಸಿದರೆ ತನ್ನ ಕುದುರೆಗಳಿಗೆ ಹುರುಳಿಯೂ ಹುಟ್ಟದೆಂಬ ಅರಿವೂ ಅವನಿಗೆ ಇದ್ದಿರಬೇಕು.