ಕಸದ ಗಾಡಿಯ ಕೊಕ್ಕೆ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಬಳ್ಳಾರಿಯಲ್ಲಿರುವ ನನ್ನ ಹೈಡ್ರಾಲಿಕ್ ವರ್ಕ್‌ಶಾಪಿಗೆ ನಮ್ಮ ಭಾಗದ ಒಂದು ಊರಿನ ಕಸದ ಗಾಡಿ ಬಂದಿತು. ದೊಡ್ಡ ಕಬ್ಬಿಣದ ಕಂಟೇನರನ್ನು ಎರಡು ತೋಳುಗಳಿಂದ ಎತ್ತಿ ಬೆನ್ನ ಮೇಲೆ ಕೂರಿಸಿಕೊಂಡು ಹೋಗುವ, ಡಂಪರ್ ಪ್ಲೇಸರ್ ಎಂದು ಕರೆಯುವ ಗಾಡಿ ಅದು. ಸಿಲಿಂಡರಿನಿಂದ ಆಯಿಲ್ ಸೋರುತ್ತಿದೆ ಎಂದು ತಂದಿದ್ದರು. ಸೋರುವ ಜಾಗವನ್ನು ಹುಡುಕುತ್ತ ತೋಳಿನ ಪಕ್ಕಕ್ಕೆ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. ಸರಪಳಿಯ ತುದಿಯ ಕೊಂಡಿ ಕಂಟೇನರಿನ ಕಿವಿಯಿಂದ, ಅಂದರೆ ಅದರ ಬದಿಯಲ್ಲಿ ಹೊರಚಾಚಿದ ಹಿಡಿಯಿಂದ, ಜಾರದಂತೆ ತಡೆಯುವ ಅಡ್ಡಪಿನ್ನು ಇರಬೇಕಾದ ತೂತಿನಲ್ಲಿ, ಮನೆ ಕಟ್ಟುವವರು ಕಂಬಿ ಬಿಗಿಯಲು ಬಳಸುವ ಬೈಂಡಿಂಗ್ ವೈರನ್ನು ನಾಲ್ಕು ಸುತ್ತು ಸುತ್ತಿ ತಿರುವಿದ್ದರು. ಡ್ರೈವರನ್ನು ಕೇಳಿದೆ. "ಪಿನ್ ಬಿದ್ದು ಎರಡು ತಿಂಗಳಾತ್ರಿ ಅಣ್ಣ. ಆಯಿಲ್ ಸೋರಿದ್ರ ಗಾಡಿ ನಿಲ್ತೈತಿ, ಆಗ ಎಲ್ಲಾರೂ ಕೇಳ್ತಾರ. ಪಿನ್ ಇಲ್ಲಂದ್ರೂ ಗಾಡಿ ಓಡ್ತೈತಲ್ಲ" ಎಂದರು.

ಅವರು ಸುಳ್ಳು ಹೇಳಲಿಲ್ಲ. ಆ ಗಾಡಿ ಎರಡು ತಿಂಗಳ ಕಾಲ, ದಿನಕ್ಕೆ ನಾಲ್ಕೈದು ಬಾರಿ, ಜನ ಓಡಾಡುವ ಬೀದಿಗಳಲ್ಲಿ ಆ ತಂತಿಯ ನಂಬಿಕೆಯ ಮೇಲೆಯೇ ಕಂಟೇನರನ್ನು ಎತ್ತಿ ಇಳಿಸಿತ್ತು. ಅಂದಿನಿಂದ ಈ ವಿಷಯವನ್ನು ಬರೆಯಬೇಕೆಂದು ಅಂದುಕೊಳ್ಳುತ್ತಲೇ ಇದ್ದೆ.

ನಾನು ಈ ಕೆಲಸವನ್ನು ಕಲಿತದ್ದು ಅದಿರಿನ ಟಿಪ್ಪರುಗಳ ಮೇಲೆ. ಸಂಡೂರಿನ ಕಡೆಯಿಂದ ಹಗಲು ರಾತ್ರಿ ಅದಿರು ಇಳಿಯುತ್ತಿದ್ದ ವರ್ಷಗಳಲ್ಲಿ ನಮ್ಮ ವರ್ಕ್‌ಶಾಪಿನ ಮುಂದೆ ಟಿಪ್ಪರುಗಳ ಸಾಲೇ ಇರುತ್ತಿತ್ತು. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಆ ಸಾಲು ಕರಗಿತು. ಆಮೇಲೆ ನಿಧಾನವಾಗಿ ನಗರಸಭೆ, ಪುರಸಭೆಗಳ ಕಸದ ಗಾಡಿಗಳು ಬರತೊಡಗಿದವು. ಪಂಪು, ಸಿಲಿಂಡರು, ಹೋಸ್ ಪೈಪು ಎಲ್ಲವೂ ಅದೇ ಜಾತಿಯವು. ಆದರೆ ಅದಿರಿನ ಟಿಪ್ಪರ್ ತನ್ನ ತೊಟ್ಟಿಯನ್ನು ಎತ್ತುವುದು ಜನರಿಲ್ಲದ ಬಯಲಿನಲ್ಲಿ. ಕಸದ ಗಾಡಿ ಎತ್ತುವುದು ತರಕಾರಿ ಮಾರುಕಟ್ಟೆಯ ಬಾಯಿಯಲ್ಲಿ, ಶಾಲೆಯ ಗೇಟಿನ ಎದುರಿಗೆ, ಕರೆಂಟಿನ ತಂತಿಗಳ ಕೆಳಗೆ. ಅದರ ಪಕ್ಕದಲ್ಲಿ ಕೈ ಹಚ್ಚಿ ನಿಲ್ಲುವ ಒಬ್ಬ ಪೌರಕಾರ್ಮಿಕ ಯಾವಾಗಲೂ ಇರುತ್ತಾನೆ. ಈ ಒಂದು ವ್ಯತ್ಯಾಸವನ್ನು ಗಾಡಿ ಕೊಳ್ಳುವವರೂ ನಡೆಸುವವರೂ ಮನಸ್ಸಿಗೆ ತಂದುಕೊಂಡಿಲ್ಲ ಎಂಬುದು ನನ್ನ ದೂರು.

ಡಂಪರ್ ಪ್ಲೇಸರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಪಾಯ ಇರುವುದು ಈ ವಿವರಗಳಲ್ಲಿಯೇ. ಗಾಡಿ ಹಿಂದಕ್ಕೆ ಬಂದು ಕಂಟೇನರಿನ ಮುಂದೆ ನಿಲ್ಲುತ್ತದೆ. ಮೊದಲು ಹಿಂಬದಿಯ ಎರಡು ಜಾಕ್‌ಗಳನ್ನು ನೆಲಕ್ಕೆ ಊರಬೇಕು; ಊರದೆ ಎತ್ತಿದರೆ ಭಾರವೆಲ್ಲ ಹಿಂದಿನ ಚಕ್ರದ ಆಚೆಗೆ ಬಿದ್ದು ಗಾಡಿಯ ಮೂತಿ ಮೇಲೇಳುತ್ತದೆ. ಆಮೇಲೆ ತೋಳುಗಳನ್ನು ಹಿಂದಕ್ಕೆ ಬಾಗಿಸಿ, ಎರಡೂ ಬದಿಯ ನಾಲ್ಕು ಸರಪಳಿಗಳನ್ನು ಕಂಟೇನರಿನ ಕಿವಿಗಳಿಗೆ ಸಿಕ್ಕಿಸುತ್ತಾರೆ. ಇದನ್ನು ಕೈಯಿಂದಲೇ ಮಾಡಬೇಕು, ಸಿಕ್ಕಿಸುವವನು ಕಂಟೇನರಿಗೂ ತೋಳಿಗೂ ನಡುವೆಯೇ ನಿಲ್ಲಬೇಕು. ತೋಳು ಏಳುತ್ತಿದ್ದಂತೆ ಕಂಟೇನರ್ ನೆಲ ಬಿಟ್ಟು, ತೂಗಾಡಿ, ಚಾಸಿಯ ಮೇಲೆ ಕೂರುತ್ತದೆ. ಸುರಿಯುವ ಜಾಗದಲ್ಲಿ ಚಾಸಿಯ ಹಿಂತುದಿಯಲ್ಲಿರುವ ಕೊಕ್ಕೆಗಳು ಕಂಟೇನರಿನ ಅಡಿಯ ಕಂಬಿಯನ್ನು ಕಚ್ಚಿಕೊಳ್ಳಬೇಕು. ಕಚ್ಚಿಕೊಂಡರೆ ಮಾತ್ರ ತೋಳು ಎತ್ತಿದಾಗ ಕಂಟೇನರ್ ಮಗುಚಿ ಕಸ ಸುರಿಯುತ್ತದೆ. ಕಚ್ಚದಿದ್ದರೆ ಇಡೀ ಕಂಟೇನರ್ ಸರಪಳಿಯ ಮೇಲೆ ಜೋತುಬಿದ್ದು ಎತ್ತ ಬೇಕಾದರೂ ತಿರುಗುತ್ತದೆ.

ಇಂಥ ಕಂಟೇನರುಗಳು ಸಾಮಾನ್ಯವಾಗಿ ಮೂರರಿಂದ ನಾಲ್ಕೂವರೆ ಘನ ಮೀಟರ್ ಅಳತೆಯವು. ಮಾರುಕಟ್ಟೆಯ ಹಸಿ ಕಸವನ್ನು ಒಂದು ಘನ ಮೀಟರಿಗೆ ಅರ್ಧ ಟನ್ನಿನ ಲೆಕ್ಕದಲ್ಲಿ ಹಿಡಿದರೂ ನಾಲ್ಕೂವರೆ ಘನ ಮೀಟರಿನ ಕಂಟೇನರಿನಲ್ಲಿ ಎರಡೂಕಾಲು ಟನ್ ಕಸವೇ ಆಯಿತು. ಕಬ್ಬಿಣದ ತೂಕ ಬೇರೆ. ಈ ಭಾರ ಸರಪಳಿಯ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ನಮ್ಮ ಡ್ರೈವರುಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಎರಡು ಟನ್ ಭಾರವನ್ನು ನಾಲ್ಕು ಸರಪಳಿಗಳು ನೆಟ್ಟಗೆ ಇಳಿಬಿದ್ದು ಹೊತ್ತರೆ ಒಂದೊಂದರ ಪಾಲಿಗೆ ಅರ್ಧ ಟನ್ ಬರುತ್ತದೆ. ಅದೇ ಸರಪಳಿಗಳು ನೆಟ್ಟಗಿನ ಗೆರೆಯಿಂದ 60 ಡಿಗ್ರಿಯಷ್ಟು ಓರೆಯಾಗಿದ್ದರೆ ಒಂದೊಂದರ ಮೇಲೂ ಒಂದು ಟನ್ ಎಳೆತ ಬೀಳುತ್ತದೆ. ಅಂದರೆ ಕಸ ಒಂದು ಕಿಲೋ ಹೆಚ್ಚಾಗದಿದ್ದರೂ, ಗಾಡಿಯನ್ನು ಸರಿಯಾದ ದೂರದಲ್ಲಿ ನಿಲ್ಲಿಸದೆ ಅವಸರದಲ್ಲಿ ಓರೆಯಾಗಿ ಎಳೆದರೆ, ಸರಪಳಿಯ ಭಾರ ಇಮ್ಮಡಿಯಾಗುತ್ತದೆ. ಅದರ ಮೇಲೆ ಒಂದು ಕೊಂಡಿ ಜಾರಿದರೆ ಉಳಿದ ಮೂರರ ಮೇಲೆ ಒಮ್ಮೆಗೇ ಬೀಳುವ ಜಗ್ಗು ಎಷ್ಟೆಂದು ಹೇಳಲು ಲೆಕ್ಕವೂ ಬೇಡ. ಕಸದ ರಸ ಸೋರಿ ಸೋರಿ ಕೊಂಡಿಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಒಂದರೊಳಗೊಂದು ಉಜ್ಜುವ ಜಾಗದಲ್ಲಿ ಕೊಂಡಿಯ ದಪ್ಪ ಹತ್ತನೇ ಒಂದು ಭಾಗ ಸವೆದರೆ ಆ ಸರಪಳಿಯನ್ನು ತೆಗೆದು ಹಾಕಬೇಕೆಂದು ನನ್ನ ಗುರುಗಳು ಕಲಿಸಿದ್ದರು. ನನ್ನ ಬಳಿಗೆ ಬಂದ ಗಾಡಿಗಳಲ್ಲಿ ಅರ್ಧ ಸವೆದ ಕೊಂಡಿಗಳನ್ನು ಕಂಡಿದ್ದೇನೆ.

ನನಗೆ ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ. ನಮ್ಮ ಸುತ್ತಮುತ್ತ, ಬಳ್ಳಾರಿ ಕೊಪ್ಪಳ ಜಿಲ್ಲೆಗಳಲ್ಲಿ ಸ್ಪಾಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳು ಬಹಳ ಇವೆ. ಅಲ್ಲಿ ಭಾರ ಎತ್ತುವ ಸರಪಳಿಯನ್ನು ಕನಿಷ್ಠ ಹನ್ನೆರಡು ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯೊಬ್ಬರು ಪೂರ್ಣವಾಗಿ ಪರೀಕ್ಷಿಸಬೇಕು, ಅದು ಎಷ್ಟು ಭಾರ ಹೊರಬಲ್ಲುದು ಎಂಬುದು ಗೊತ್ತಿರಬೇಕು, ಅದಕ್ಕಿಂತ ಹೆಚ್ಚು ಎತ್ತಕೂಡದು ಎಂದು 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತಿತ್ತು. ಅದೇ ಅಂಗಡಿಯಲ್ಲಿ ಕೊಂಡ, ಅದೇ ದಪ್ಪದ ಸರಪಳಿ ಕಸದ ಗಾಡಿಯನ್ನು ಏರಿದರೆ ಅದನ್ನು ಕೇಳುವವರಿಲ್ಲ. ಗಾಡಿ ರಸ್ತೆಗೆ ಯೋಗ್ಯ ಎಂಬ ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲು ಹೋದಾಗ ಬ್ರೇಕು, ದೀಪ, ಹೊಗೆ ನೋಡುತ್ತಾರೆ. ತೋಳಿನ ಪಿನ್ನನ್ನು ತೋರಿಸಿ ಎಂದು ಯಾರಾದರೂ ಕೇಳಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಕಾರ್ಖಾನೆಯ ಕಾಂಪೌಂಡಿನ ಒಳಗಿರುವ ಕಾರ್ಮಿಕನ ತಲೆಗೆ ಇರುವ ಬೆಲೆ ಬೀದಿಯಲ್ಲಿರುವ ಪೌರಕಾರ್ಮಿಕನ ತಲೆಗೂ ಇರಬೇಕಲ್ಲವೇ?

ಗಾಡಿ ತಾನೇ ಕಂಟೇನರನ್ನು ಎತ್ತಿ ಸುರಿಯುವ ಈ ಏರ್ಪಾಡನ್ನು ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್ ಊರಿನ ಜಾರ್ಜ್ ಡೆಂಪ್‌ಸ್ಟರ್ ಮತ್ತು ಅವರ ಸಹೋದರರು 1930ರ ದಶಕದಲ್ಲಿ ರೂಪಿಸಿದರು. ಅಲ್ಲಿಯ ಜನ ಕಸದ ದೊಡ್ಡ ಡಬ್ಬಿಯನ್ನು ಡಂಪ್‌ಸ್ಟರ್ ಎನ್ನುವುದು ಅವರ ಹೆಸರಿನಿಂದಲೇ. ಜಾರ್ಜ್ ಮುಂದೆ ಆ ಊರಿನ ಮೇಯರ್ ಕೂಡ ಆದರು. ಅವರ ಏರ್ಪಾಡಿನಲ್ಲಿ ನಾನು ಮೆಚ್ಚುವುದು ಗಾಡಿಯನ್ನಲ್ಲ. ಗಾಡಿ ಮತ್ತು ಕಂಟೇನರ್ ಒಂದಕ್ಕೊಂದು ಹೊಂದುವ ಜೋಡಿಯಾಗಿ ಹುಟ್ಟಿದವು ಎಂಬುದನ್ನು. ನಮ್ಮಲ್ಲಿ ಗಾಡಿಗೆ ಒಂದು ಟೆಂಡರ್, ಕಂಟೇನರಿಗೆ ಇನ್ನೊಂದು ಟೆಂಡರ್, ಎರಡು ವರ್ಷ ಬಿಟ್ಟು ಸ್ಥಳೀಯವಾಗಿ ಬೆಸೆದು ಕೊಡುವ ಹೊಸ ಕಂಟೇನರಿಗೆ ಮತ್ತೊಂದು. ಕಿವಿಯ ದಪ್ಪ ಒಂದು ಬೆರಳು ಹೆಚ್ಚು ಕಡಿಮೆಯಾದರೆ ಕೊಂಡಿ ಪೂರ್ತಿ ಒಳಗೆ ಹೋಗುವುದಿಲ್ಲ, ಪಿನ್ನು ಕೂರುವುದಿಲ್ಲ. ಕೂರದ ಪಿನ್ನನ್ನು ಕಾರ್ಮಿಕರು ಸುತ್ತಿಗೆಯಿಂದ ಬಡಿಯುತ್ತಾರೆ, ಆಮೇಲೆ ಬಿಟ್ಟೇಬಿಡುತ್ತಾರೆ. ನಾನು ಆರಂಭದಲ್ಲಿ ಹೇಳಿದ ಬೈಂಡಿಂಗ್ ವೈರು ಹುಟ್ಟಿದ್ದು ಹೀಗೆಯೇ. ಅಳತೆ ತೆಗೆದು ನೋಡಿದೆ, ಆ ಕಂಟೇನರಿನ ಕಿವಿ ಆ ಗಾಡಿಯದಾಗಿರಲಿಲ್ಲ.

ಕಸವನ್ನು ಒಳಗೆ ಅದುಮಿ ತುಂಬಿಕೊಳ್ಳುವ ಕಂಪ್ಯಾಕ್ಟರ್ ಗಾಡಿಗಳಲ್ಲಿಯೂ ಇದೇ ಕಥೆ ಬೇರೆ ರೂಪದಲ್ಲಿದೆ. ಗಾಲಿಯಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಅವು ಹಿಂಬದಿಯಿಂದ ಎತ್ತಿಕೊಳ್ಳುತ್ತವೆ. 120 ಮತ್ತು 240 ಲೀಟರಿನ ಡಬ್ಬಿಗಳಾದರೆ ಬಾಚಣಿಗೆಯಂಥ ಹಲ್ಲುಗಳು ಡಬ್ಬಿಯ ಅಂಚಿನ ಕೆಳಗೆ ತೂರಿ, ಮೇಲೇಳುವಾಗ ಒಂದು ಪಟ್ಟಿ ಬಂದು ಅಂಚನ್ನು ಅದುಮಿ ಹಿಡಿಯುತ್ತದೆ. 1100 ಲೀಟರಿನದಾದರೆ ಎರಡು ಪಕ್ಕದ ಗುಂಡು ಕಿವಿಗಳನ್ನು ತೋಳುಗಳು ಹಿಡಿಯುತ್ತವೆ. ಈ ಡಬ್ಬಿಗಳ ಯುರೋಪಿನ ಮಾನದಂಡ ಒಂದು ಲೀಟರಿಗೆ 400 ಗ್ರಾಂ ಕಸದ ಲೆಕ್ಕ ಹಿಡಿದಿದೆ. ಅಂದರೆ 240 ಲೀಟರಿಗೆ 96 ಕಿಲೋ, 1100 ಲೀಟರಿಗೆ 440 ಕಿಲೋ. ನಮ್ಮ ತರಕಾರಿ ಮಾರುಕಟ್ಟೆಯ ಹಸಿ ಕಸ ಆ ಲೆಕ್ಕಕ್ಕೆ ಸಿಗುವುದಿಲ್ಲ. ಮೇಲೆ ಹೇಳಿದ ಅರ್ಧ ಟನ್ನಿನ ಲೆಕ್ಕದಲ್ಲಿಯೇ 1100 ಲೀಟರಿನ ಡಬ್ಬಿಗೆ 550 ಕಿಲೋ ಆಗುತ್ತದೆ. ಬಳ್ಳಾರಿಯಲ್ಲಿ ಇದಕ್ಕೆ ಜೀನ್ಸ್ ಹೊಲಿಯುವ ಘಟಕಗಳ ಬಟ್ಟೆ ತುಂಡುಗಳೂ ಸೇರುತ್ತವೆ. ಮಳೆಯಲ್ಲಿ ನೆನೆದ ಜೀನ್ಸ್ ಚೂರುಗಳ ಗಂಟನ್ನು ಒಮ್ಮೆ ಎತ್ತಿ ನೋಡಿದವರಿಗೆ ಅದರ ತೂಕ ಗೊತ್ತು. ಮನೆ ರಿಪೇರಿಯ ಇಟ್ಟಿಗೆ, ಗಾರೆಯನ್ನು ರಾತ್ರಿ ಹೊತ್ತು ತಂದು ಡಬ್ಬಿಗೆ ತುಂಬುವ ನಮ್ಮಂಥ ನಾಗರಿಕರೂ ಇದ್ದೇವೆ. ಹಾಗೆ ಮಾಡುವವರು, ಡಬ್ಬಿಯ ಅಂಚು ಮುರಿದರೆ ಅದು ಯಾರ ಕಾಲಿನ ಮೇಲೆ ಬೀಳುತ್ತದೆ ಎಂಬುದನ್ನು ದಯವಿಟ್ಟು ಯೋಚಿಸಬೇಕು. ಜೊತೆಗೆ ನಮ್ಮ ಬಿಸಿಲು. ಬಳ್ಳಾರಿ ರಾಯಚೂರಿನ ಏಪ್ರಿಲ್ ಮೇ ತಿಂಗಳುಗಳಲ್ಲಿ ವರ್ಷಗಟ್ಟಲೆ ನಿಂತ ಪ್ಲಾಸ್ಟಿಕ್ ಡಬ್ಬಿ ಬಣ್ಣ ಕಳೆದುಕೊಂಡು, ಹಪ್ಪಳದಂತೆ ಮುರಿಯುವ ಸ್ಥಿತಿಗೆ ಬರುತ್ತದೆ. ಲಿಫ್ಟರಿನ ಹಲ್ಲು ಹಿಡಿಯುವುದು ಆ ಅಂಚನ್ನೇ.

ಇನ್ನು ಮನೆ ಮನೆಗೆ ಬರುವ ಆಟೋ ಟಿಪ್ಪರುಗಳಲ್ಲಿ ಎತ್ತುವ ಯಂತ್ರವೇ ಇಲ್ಲ. ಎತ್ತುವುದು ಅಕ್ಕಂದಿರ ಹೆಗಲು. ತುಂಬಿದ ಬಕೆಟ್ಟನ್ನು ತಲೆಯ ಮಟ್ಟಕ್ಕೆ ಎತ್ತಿ ಸುರಿಯುವಾಗ ಹಸಿ ಕಸದ ನೀರು ಮುಖಕ್ಕೆ ಇಳಿಯುತ್ತದೆ. 2000ನೇ ಇಸವಿಯ ಘನತ್ಯಾಜ್ಯ ನಿಯಮಗಳೇ ಕೈಯಿಂದ ಕಸ ನಿರ್ವಹಿಸುವುದನ್ನು ನಿಷೇಧಿಸಿ, ಅನಿವಾರ್ಯವಾದರೆ ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಂಡು ಮಾಡಬೇಕು ಎಂದಿದ್ದವು. 2016ರ ನಿಯಮಗಳು ಕೈಗವಸು, ಬೂಟು, ಮಾಸ್ಕು, ಹೊಳೆಯುವ ಜಾಕೆಟ್ಟು, ಮಳೆಕೋಟು ಕೊಡಬೇಕೆಂದು ಹೆಸರು ಹಿಡಿದು ಹೇಳಿದವು. ಗಾಡಿಯ ಪಕ್ಕದ ಬಾಗಿಲನ್ನು ಎರಡು ಅಡಿ ತಗ್ಗಿಸಿದರೆ ಆ ಹೆಗಲಿಗೆ ಎಷ್ಟೋ ಬಿಡುಗಡೆ ಸಿಗುತ್ತದೆ. ಬಾಡಿ ಕಟ್ಟುವವರಿಗೆ ಅದು ಕಷ್ಟದ ಕೆಲಸವಲ್ಲ, ಹೇಳುವವರು ಬೇಕು ಅಷ್ಟೇ.

ಎತ್ತಿದ ತೋಳಿನ ಅಥವಾ ತೊಟ್ಟಿಯ ಕೆಳಗೆ ತಲೆ ಹಾಕುವವರಿಗೆ ಒಂದು ಮಾತು. ಅದನ್ನು ಮೇಲೆ ಹಿಡಿದಿರುವುದು ಪೈಪಿನೊಳಗಿನ ಆಯಿಲ್. ಸಿಲಿಂಡರಿನ ಬಾಯಿಯಲ್ಲಿ ಆಯಿಲನ್ನು ತಡೆಯುವ ವಾಲ್ವ್ ಇಲ್ಲದಿದ್ದರೆ, ಹೋಸ್ ಪೈಪ್ ಒಡೆದ ಕ್ಷಣವೇ ಎತ್ತಿದ್ದೆಲ್ಲ ಕೆಳಗೆ ಬರುತ್ತದೆ; ಹಾರಿಕೊಳ್ಳಲು ಸಮಯ ಸಿಗುವುದಿಲ್ಲ. ಕಬ್ಬಿಣದ ಆಸರೆ ಕೊಡದೆ ಕೆಳಗೆ ಹೋಗಬೇಡಿ. ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು ಎಳೆಯಲು ಒಂದೇ ನಿಮಿಷಕ್ಕೆಂದು ಹೋಗುವುದೂ ಬೇಡ.

ನನ್ನ ತಾಯಿಯ ತವರು ರಾಯಚೂರು. ಚಿಕ್ಕವನಿದ್ದಾಗ ಮಾವ ನನ್ನನ್ನು ಅಲ್ಲಿಯ ಕೋಟೆಗೆ ಕರೆದುಕೊಂಡು ಹೋಗಿ, ನಲವತ್ತು ಅಡಿಗೂ ಉದ್ದವಿರುವ ಒಂದು ಕಲ್ಲನ್ನು ತೋರಿಸಿದ್ದರು. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಅದರ ಹತ್ತಿರವೇ ಗೋಡೆಯ ಮೇಲೆ, ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಗಿಸುವ ಒಂದು ಚಿತ್ರವನ್ನು ಕೊರೆದಿದ್ದಾರೆ: ಮುಂದೆ ಉದ್ದಕ್ಕೂ ಹೂಡಿದ ಜಾನುವಾರುಗಳ ಸಾಲು, ಅವುಗಳನ್ನು ಹೊಡೆಯುವವರು, ಹಿಂದೆ ಗಾಲಿಯ ಬಳಿ ಸನ್ನೆಗೋಲು ಕೊಟ್ಟು ಮೀಟುವ ಆಳುಗಳು. ಹೈಡ್ರಾಲಿಕ್ ಕಲಿತ ಮೇಲೆ ಮತ್ತೆ ಹೋಗಿ ನೋಡಿದೆ. ಚಿಕ್ಕಂದಿನಲ್ಲಿ ಕಲ್ಲು ದೊಡ್ಡದಾಗಿ ಕಂಡಿತ್ತು. ಈಗ ಗಾಲಿಯ ಬಳಿ ಸನ್ನೆಗೋಲು ಹಿಡಿದವರನ್ನು ಬಹಳ ಹೊತ್ತು ನೋಡುತ್ತ ನಿಂತೆ. ಭಾರ ಜಾರಿದರೆ ಮೊದಲು ಸಿಗುವವರು ಅವರೇ. ಏಳು ನೂರು ವರ್ಷಗಳ ಹಿಂದಿನ ಆ ಕಲ್ಲುಕುಟಿಗ ಅವರನ್ನು ಚಿತ್ರದಿಂದ ಬಿಟ್ಟಿಲ್ಲ.

ನಮ್ಮ ಸ್ಥಳೀಯ ಸಂಸ್ಥೆಗಳ ಎಂಜಿನಿಯರುಗಳಲ್ಲಿ, ಆರೋಗ್ಯ ನಿರೀಕ್ಷಕರಲ್ಲಿ, ಕೌನ್ಸಿಲರುಗಳಲ್ಲಿ ನಾನು ಕೇಳುವುದು ದೊಡ್ಡ ಮೊತ್ತದ ಕೆಲಸವೇನಲ್ಲ. ಗಾಡಿಯ ಟೆಂಡರಿನಲ್ಲಿಯೇ ಕಂಟೇನರಿನ ಕಿವಿಯ ಅಳತೆಯನ್ನು ನಮೂದಿಸಿ, ಮುಂದೆ ಮಾಡಿಸುವ ಪ್ರತಿಯೊಂದು ಕಂಟೇನರನ್ನೂ ಆ ಗಾಡಿಯ ಮೇಲೆ ಏರಿಸಿ ನೋಡಿದ ಮೇಲೆಯೇ ಬಿಲ್ಲು ಪಾಸು ಮಾಡಬೇಕು. ಸರಪಳಿ ಮತ್ತು ಪಿನ್ನುಗಳನ್ನು ವರ್ಷಕ್ಕೊಮ್ಮೆ, ಕಾರ್ಖಾನೆಯಲ್ಲಿ ಮಾಡುವಂತೆಯೇ, ಬಲ್ಲವರಿಂದ ಪರೀಕ್ಷೆ ಮಾಡಿಸಿ ಬರೆದಿಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಪಿನ್ನಿಲ್ಲದ ಗಾಡಿಯನ್ನು ನಾನು ತೆಗೆಯುವುದಿಲ್ಲ ಎಂದು ಹೇಳುವ ಡ್ರೈವರಿಗೆ ಅಂದಿನ ಸಂಬಳ ಕಡಿತವಾಗಬಾರದು. ಈ ಕೊನೆಯದು ಆಗದಿದ್ದರೆ ಉಳಿದ ಎರಡೂ ಕಾಗದದ ಮೇಲೆಯೇ ಇರುತ್ತವೆ. ಗುತ್ತಿಗೆಯ ಮೇಲೆ ಗಾಡಿ ಓಡಿಸುವ ಹುಡುಗನಿಗೆ ಇಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

ಆ ದಿನ ಸೋರಿಕೆಯ ಸೀಲ್ ಬದಲಾಯಿಸಿದ ಮೇಲೆ ಬೈಂಡಿಂಗ್ ವೈರನ್ನು ಕತ್ತರಿಸಿ ತೆಗೆದೆ. ಕಂಟೇನರಿನ ಕಿವಿಯನ್ನು ಸರಿಪಡಿಸಿ, ಇಎನ್ 8 ಎಂಬ ಗಟ್ಟಿ ಉಕ್ಕಿನ ರಾಡಿನಿಂದ ಲೇತಿನಲ್ಲಿ ಹೊಸ ಪಿನ್ನು ತಿರುವಿ, ಮತ್ತೆ ಬಿದ್ದು ಕಳೆಯದಂತೆ ಅದನ್ನು ಒಂದು ಗೇಣಿನ ಸಣ್ಣ ಸರಪಳಿಯಿಂದ ತೋಳಿಗೇ ಬೆಸೆದೆ. ಮುಂದಿನ ವಾರ ಅದೇ ಡ್ರೈವರ್ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಅವರ ಗಾಡಿಗಳಲ್ಲೂ ಪಿನ್ನುಗಳಿರಲಿಲ್ಲ. ಆಗಿನಿಂದ ಒಂದಷ್ಟು ರಾಡು ಕತ್ತರಿಸಿ ವರ್ಕ್‌ಶಾಪಿನ ಬಾಗಿಲ ಬಳಿಯ ಡಬ್ಬದಲ್ಲಿ ಇಟ್ಟಿದ್ದೇನೆ. ಈ ಭಾಗದಲ್ಲಿ ಕಸದ ಗಾಡಿ ಓಡಿಸುವ ಯಾರೇ ಆಗಲಿ ಗಾಡಿ ತನ್ನಿ, ಅಳತೆ ತೆಗೆದು ಪಿನ್ನು ಮಾಡಿ ಕೊಡುತ್ತೇನೆ. ಅದಕ್ಕೆ ಹಣ ಬೇಡ.