ತೂತಿನ ಕಾಸಿನ ಸಾಹೇಬರು

ಸಿಡ್ನಿಯಲ್ಲಿ ಲಾಕ್ಲನ್ ಮೆಕ್ವಾರಿ ಸಾಹೇಬರ ಕಣ್ಣು ತಪ್ಪಿಸಿ ಓಡಾಡುವುದು ಕಷ್ಟ. ಬೀದಿ ಮೆಕ್ವಾರಿ, ಬ್ಯಾಂಕು ಮೆಕ್ವಾರಿ, ಯೂನಿವರ್ಸಿಟಿಯೂ ಮೆಕ್ವಾರಿ. ಊರಾಚೆ ಹೋದರೆ ಹೊಳೆಗಳೇ ಎರಡು: ಒಂದು ಲಾಕ್ಲನ್, ಇನ್ನೊಂದು ಮೆಕ್ವಾರಿ. ಹೆಂಡತಿ ಕೂತು ಸಮುದ್ರ ನೋಡಲೆಂದು ಬಂಡೆಯಲ್ಲಿ ಕೊರೆದ ಆಸನಕ್ಕೂ 'ಮಿಸೆಸ್ ಮೆಕ್ವಾರಿ ಕುರ್ಚಿ' ಎಂದೇ ಹೆಸರು. ಬಸ್ ತಂಗುದಾಣದ ಮೇಲೆ ತಮ್ಮ ಹೆಸರು ಬರೆಸಿಕೊಳ್ಳುವ ನಮ್ಮ ಶಾಸಕರು ಇವರ ಮುಂದೆ ಎಳೆಮಕ್ಕಳು.

ಸಾಹೇಬರು ನಮಗೂ ತೀರ ಅಪರಿಚಿತರಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಪಾಲು ಹಂಚಿಕೊಂಡವರಲ್ಲಿ ಇವರೂ ಒಬ್ಬರು.

1810ರಲ್ಲಿ, ಬ್ರಿಟನ್ ತನ್ನ ಕೈದಿಗಳನ್ನು ಸಾಗಹಾಕುತ್ತಿದ್ದ ಈ ವಸಾಹತಿಗೆ ಗವರ್ನರ್ ಆದರು. ರಮ್ ದಂಧೆಯ ಪಟಾಲಮ್ಮು ಹಿಂದಿನ ಗವರ್ನರನನ್ನೇ ಕೆಳಗಿಳಿಸಿದ್ದ ಊರು ಅದು. ಆಸ್ಪತ್ರೆ ಕಟ್ಟಲು ಬೊಕ್ಕಸದಲ್ಲಿ ದುಡ್ಡಿಲ್ಲ. ಸಾಹೇಬರು ಮೂವರು ಗುತ್ತಿಗೆದಾರರನ್ನು ಕರೆದು, ನೀವು ಆಸ್ಪತ್ರೆ ಕಟ್ಟಿ, ಬದಲಿಗೆ ರಮ್ ತರಿಸಿ ಮಾರಿಕೊಳ್ಳಿ ಎಂದರು. ಹೀಗೆ ಆಸ್ಪತ್ರೆಗೂ ರೋಗಿಗಳಿಗೂ ಒಂದೇ ಟೆಂಡರಿನಲ್ಲಿ ವ್ಯವಸ್ಥೆಯಾಯಿತು! ಅದೇ ಕಟ್ಟಡದ ಒಂದು ಭಾಗದಲ್ಲಿ ಈಗ ರಾಜ್ಯದ ಶಾಸನಸಭೆ ಕೂರುತ್ತದೆ.

ಆಮೇಲೆ ಚಿಲ್ಲರೆಗೆ ಬರ. 40,000 ಸ್ಪ್ಯಾನಿಷ್ ಡಾಲರ್ ತರಿಸಿ, ಪ್ರತಿಯೊಂದರ ನಡುವೆ ತೂತು ಹೊಡೆಸಿದರು. ಉಂಗುರ ಒಂದು ನಾಣ್ಯ, ಒಳಗಿಂದ ಉದುರಿದ ಬಿಲ್ಲೆ ಇನ್ನೊಂದು. ತೂತು ಹೊಡೆದವನು ಖೋಟಾ ಕೇಸಿನಲ್ಲಿ ಗಡೀಪಾರಾಗಿ ಬಂದಿದ್ದ ಕುಶಲಿ. ಅನುಭವಕ್ಕೆ ಮನ್ನಣೆ ಅಂದರೆ ಇದು. ಈಗ ಆ ಉಂಗುರವೇ ಮೆಕ್ವಾರಿ ಬ್ಯಾಂಕಿನ ಲಾಂಛನ. ನಮ್ಮಜ್ಜಿಯ ಡಬ್ಬಿಯ ತೂತಿನ ಕಾಸಿಗೆ ಇಂಥ ಯೋಗ ಬರಲಿಲ್ಲ.

ಸಾಹೇಬರ ಪ್ರತಿಮೆಯನ್ನೂ ಇದೇ ವಿದ್ಯೆಯಲ್ಲಿ ತಯಾರಿಸಿದ್ದಾರೆ. ಹೈಡ್ ಪಾರ್ಕಿನಲ್ಲಿ ಅದು ಎದ್ದದ್ದು ತೀರ ಇತ್ತೀಚೆಗೆ, 2013ರಲ್ಲಿ. ಪರಿಪೂರ್ಣ ಸಭ್ಯ, ಕ್ರೈಸ್ತ, ಮನುಷ್ಯಹೃದಯದ ಪರಮ ಶಾಸನಕರ್ತ ಎಂದು ಬರಹ ಬೇರೆ. ಆ ಶಾಸನಕರ್ತರು 1816ರ ಏಪ್ರಿಲ್‌ನಲ್ಲಿ ತಮ್ಮದೇ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ: ಎದುರು ನಿಂತ ಮೂಲನಿವಾಸಿಗಳ ಮೇಲೆ ಗುಂಡು ಹಾರಿಸಿ, ಸತ್ತವರ ಹೆಣಗಳನ್ನು ಮರಗಳಿಗೆ ನೇತುಹಾಕಬೇಕು, ಉಳಿದವರಿಗೆ ದಿಗಿಲು ಹುಟ್ಟಬೇಕು. ಒಂದೇ ವಾರದಲ್ಲಿ, ಅಪಿನ್ ಎಂಬಲ್ಲಿ, ಬೆಳಗಿನ ಜಾವಕ್ಕೆ ಮುಂಚೆ ಸೈನಿಕರು ಬಿಡಾರದ ಮೇಲೆ ಬಿದ್ದರು. ಕೆಲವರು ಗುಂಡಿಗೆ ಸತ್ತರು, ಕೆಲವರು ಓಡುತ್ತ ಕಮರಿಗೆ ಬಿದ್ದರು. ಹೆಂಗಸರು, ಮಕ್ಕಳು ಸೇರಿ ಕಡಿಮೆಯೆಂದರೂ 14 ಜೀವ. ಇಬ್ಬರ ಹೆಣಗಳನ್ನು ಗುಡ್ಡದ ಮರಕ್ಕೆ ತೂಗುಹಾಕಿದರು.

ಕಂಚಿನ ಸಾಹೇಬರ ಬುಡದಲ್ಲಿ ಹೃದಯಕ್ಕೆ ಜಾಗ ಸಿಕ್ಕಿತು, ಮರಕ್ಕೆ ಸಿಗಲಿಲ್ಲ. ಒಳಗಿಂದ ಉದುರಿದ ಆ ಬಿಲ್ಲೆ ನೋಡಬೇಕೆಂದರೆ ಅಪಿನ್ ಬಳಿಯ ಕ್ಯಾಟರಾಕ್ಟ್ ಅಣೆಕಟ್ಟಿಗೆ ಹೋಗಬೇಕು. ಜನ ಬುತ್ತಿ ಬಿಚ್ಚಿ ಉಣ್ಣುವ ಜಾಗದಲ್ಲಿ, ಕಲ್ಲಿನ ಮೇಲೆ ಒಂದು ಸಣ್ಣ ಫಲಕವಿದೆ.