ಒಂದು ಪ್ಯಾಕೆಟ್, ಒಂದು ಲೀಟರ್ ನೀರು

2025ರ ಮೇ ತಿಂಗಳಲ್ಲಿ ರಜೆಗೆ ಬೆಂಗಳೂರಿಗೆ ಬಂದಿದ್ದಾಗ ನಾಲ್ಕು ವರ್ಷದ ಮಗಳಿಗೆ ಭೇದಿ ಶುರುವಾಯಿತು. ವಿಜಯನಗರದಲ್ಲಿ ಅಮ್ಮನ ಮನೆ ಹತ್ತಿರದ ಕ್ಲಿನಿಕ್‌ಗೆ ಎತ್ತಿಕೊಂಡು ಓಡಿದೆ. ಎರಡೇ ನಿಮಿಷದಲ್ಲಿ ಚೀಟಿ ಕೈಗೆ ಬಂತು. ಆಂಟಿಬಯಾಟಿಕ್ ಸಿರಪ್ ಇತ್ತು, ವಾಂತಿಗೆ ಒಂದು ಔಷಧಿ ಇತ್ತು. ಒಂದು ಲೀಟರ್ ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ, ಅಂದರೆ ಓಆರ್‌ಎಸ್ ಇರಲಿಲ್ಲ. ಭೇದಿ ಬೇಗ ನಿಲ್ಲಲಿ ಅಂತ ಕೊಡುವ ಜಿಂಕ್ ಇರಲಿಲ್ಲ.

ಮೆಡಿಕಲ್ ಶಾಪ್‌ನಲ್ಲಿ ನಾನೇ ಓಆರ್‌ಎಸ್ ಕೇಳಿದೆ. ಹಣ್ಣಿನ ರುಚಿಯ ಒಂದು ಟೆಟ್ರಾ ಪ್ಯಾಕ್ ಕೊಟ್ಟರು. ಮುಂದೆ ದಪ್ಪ ಅಕ್ಷರದಲ್ಲಿ ಓಆರ್‌ಎಸ್ ಅಂತ ಇತ್ತು. ಹಿಂದೆ ತಿರುಗಿಸಿ ಓದಿದರೆ ಬರೀ ಸಕ್ಕರೆ ನೀರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರಬೇಕು. ಸಕ್ಕರೆ ಜಾಸ್ತಿಯಾದರೆ ಅದು ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿಯನ್ನೇ ಹೆಚ್ಚಿಸುತ್ತದೆ. ನಾನು ಓದಿ ನೋಡಿದೆ, ಸರಿ. ಓದಲು ಬಾರದ ತಾಯಿ ಏನು ಮಾಡಬೇಕು?

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಎರಡು ವರ್ಷದ ಹಿಂದೆ ಅಲ್ಲೂ ಇವಳಿಗೆ ಹೀಗೇ ಆಗಿತ್ತು. ಅಲ್ಲಿನ ನರ್ಸ್ ಓಆರ್‌ಎಸ್ ಬಿಟ್ಟು ಬೇರೇನೂ ಕೊಡಲಿಲ್ಲ. ಗುಟುಕು ಗುಟುಕಾಗಿ ಹೇಗೆ ಕುಡಿಸಬೇಕು ಅಂತ ತೋರಿಸಿದರು. ಮೂತ್ರ ಕಡಿಮೆಯಾದರೆ, ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಬನ್ನಿ ಅಂದರು. ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ಸಿಟ್ಟು ಬಂತು. "ಅಷ್ಟು ದೊಡ್ಡ ದೇಶ, ಮಗೂಗೆ ಒಂದು ಔಷಧಿ ಕೊಡೋಕಾಗಲಿಲ್ವೇನೋ?"

ಆ ನರ್ಸ್ ನಮ್ಮ ಡಾಕ್ಟರಿಗಿಂತ ಜಾಣೆ ಅಂತ ನಾನು ಹೇಳುತ್ತಿಲ್ಲ. ಅವರ ಹಿಂದೆ ಒಂದು ಏರ್ಪಾಡಿದೆ. 1999ರಲ್ಲಿ ಶುರುವಾದ ನೈಸ್ ಎಂಬ ಸಂಸ್ಥೆ ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು, ಯಾವ ಕಾಯಿಲೆಗೆ ಏನು ಮಾಡಬೇಕು ಅಂತ ಬರೆದಿಡುತ್ತದೆ. ಮಕ್ಕಳ ಭೇದಿ ಬಗ್ಗೆ 2009ರಲ್ಲೇ ಬರೆದಿದೆ. ಜೊತೆಗೆ, ವಿವರಿಸಿ ಹೇಳಲು ಆ ನರ್ಸ್‌ಗೆ ಸಮಯವೂ ಇತ್ತು. ಇಲ್ಲಿ ಬೆಂಚಿನ ಮೇಲೆ ಮೂವತ್ತು ಜನ ಕಾಯುತ್ತಿದ್ದರು. ಬರಿಗೈಲಿ ಕಳಿಸಿದರೆ ನಾವೇ ಪಕ್ಕದ ಕ್ಲಿನಿಕ್‌ಗೆ ಹೋಗುತ್ತೇವೆ, ಅಲ್ವಾ?

ನನಗೆ ಹೆಚ್ಚು ನೋವಾಗುವುದು ಬೇರೆ ಕಾರಣಕ್ಕೆ. ಭೇದಿಗೆ ಓಆರ್‌ಎಸ್ ಕುಡಿಸಬೇಕು ಎಂಬ ಈ ತಿಳಿವಳಿಕೆಯಲ್ಲಿ ನಮ್ಮವರ ಪಾಲು ದೊಡ್ಡದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು, ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಜಿಂಕ್ ಕೂಡ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಹೇಳಿದವು. ಬ್ರಿಟನ್‌ನಲ್ಲಿ ಜಿಂಕ್ ಕೊಡುವುದಿಲ್ಲ. ಅದರ ಲಾಭ ಜಿಂಕ್ ಕೊರತೆ ಇರುವ ಕಡೆಯ ಮಕ್ಕಳಿಗೆ. ಹಾಗಾಗಿ ಅಲ್ಲಿನದನ್ನು ಇಲ್ಲಿ ಸುಮ್ನೆ ನಕಲು ಮಾಡಿದರೂ ಆಗದು.

ನಮ್ಮಲ್ಲಿ ಆಗುವುದೇ ಇಲ್ಲ ಅಂತಲೂ ಅಲ್ಲ. ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿ ಬೇಗ ಕೊಟ್ಟರೆ ಜೀವ ಉಳಿಯುತ್ತದೆ ಅಂತ 1980ರ ದಶಕದಲ್ಲೇ ಗೊತ್ತಾಗಿತ್ತು. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಆ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ. ಹೃದಯಕ್ಕೆ ಮಾಡಿದ ಈ ಏರ್ಪಾಡನ್ನು ಮಗುವಿನ ಭೇದಿಗೂ ಮಾಡಬಹುದು. ಖರ್ಚಂತೂ ಅದಕ್ಕಿಂತ ಎಷ್ಟೋ ಕಡಿಮೆ.

2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನನಗೆ ಕೊಟ್ಟ ಆ ಟೆಟ್ರಾ ಪ್ಯಾಕಿನಂಥ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಆದೇಶ ಹೊರಡಿಸಿತು. ಅದಕ್ಕಾಗಿ ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಬೇಕಾಯಿತು. ಸುದ್ದಿ ಓದಿದ ದಿನವೇ ಅಮ್ಮನಿಗೆ ಫೋನ್ ಮಾಡಿದೆ. ಒಂದು ಲೀಟರ್ ಬಾಟಲಿಯನ್ನು ಅಳತೆಗೆ ಅಂತಲೇ ತೊಳೆದು ಎತ್ತಿಟ್ಟಿದ್ದಾರಂತೆ. ಪಕ್ಕದಲ್ಲೇ ಎರಡು ಪ್ಯಾಕೆಟ್ ಪುಡಿ.